ಒತ್ತೆಯಿಟ್ಟ ಅಕ್ಷರ

ಚಳಿ ಹಿಂದೆ ಸರಿದು ಬಿಸಿಲಿಗೆ ಬಲ ಬರುತ್ತಿದ್ದ ದಿನಗಳು. ಸೂರ್ಯಕಾಂತಿ ಹೊಲ ಅರಳಿ ಹದಿನೆಂಟು ದಿನವಾಗಿತ್ತು. ಇನ್ನೊಂದು ವಾರ ಕಳೆದರೆ ಹೂಗಳೆಲ್ಲ ತಲೆ ಬಗ್ಗಿಸಿ ಕಾಳು ಕಟ್ಟತೊಡಗುತ್ತವೆ. ಆಮೇಲೆ ಜೇನುಪೆಟ್ಟಿಗೆಗಳಿಗೆ ಇಲ್ಲಿ ಕೆಲಸವಿಲ್ಲ. ಅಷ್ಟರೊಳಗೆ ಜೇನು ತುಂಬಿದ ಎರಿಗಳನ್ನೆಲ್ಲ ಬರಿದು ಮಾಡಬೇಕೆಂದು ತಾಯಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ನಿಂತಿದ್ದಳು. ಬಿಸಿನೀರಿನಲ್ಲಿ ಅದ್ದಿದ ಕತ್ತಿಯಿಂದ ಎರಿಯ ಮೇಲಿನ ಮೇಣದ ಪೊರೆಯನ್ನು ಹೆರೆಯುವುದು, ಚೌಕಟ್ಟನ್ನು ಪೀಪಾಯಿಯೊಳಗೆ ನಿಲ್ಲಿಸುವುದು, ಹಿಡಿ ಹಿಡಿದು ತಿರುಗಿಸುವುದು. ಜೇನು ಪೀಪಾಯಿಯ ಗೋಡೆಗೆ ಮಳೆಹನಿಯ ಹಾಗೆ ಸಿಡಿದು ನಿಧಾನವಾಗಿ ತಳಕ್ಕಿಳಿಯುತ್ತಿತ್ತು.

ಹೊಲದಂಚಿನ ಆ ಶೆಡ್ಡಿಗೆ ಒಂದೇ ಛಾವಣಿ, ನಡುವೆ ಹಲಗೆಯ ಗೋಡೆ. ಈಚೆ ಪೀಪಾಯಿ, ಡಬ್ಬಗಳು, ಖಾಲಿ ಚೌಕಟ್ಟುಗಳು. ಆಚೆ ಮಂಚ, ಒಲೆ, ಮಡಚುವ ಮೇಜು. ಮೇಜಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ. ಅದರ ತುಂಬ ಮೇಣದ ಅಕ್ಷರಗಳು. ಹೆರೆದ ಪೊರೆಯನ್ನು ಕರಗಿಸಿ, ತಟ್ಟೆಯಲ್ಲಿ ಹರಡಿ, ಆರುವ ಮೊದಲು ಚಾಕುವಿನಿಂದ ಕೊಯ್ದು ತಾಯಿಯೇ ಮಾಡಿದ್ದು. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ. ಬಿಸಿಲೇರಿದರೆ ಮೆತ್ತಗಾಗುತ್ತಿದ್ದವು. ಹಾಗಾಗಿ ಆ ಮನೆಯಲ್ಲಿ ಪಾಠ ಯಾವಾಗಲೂ ಬೆಳಿಗ್ಗೆ.

ಆವತ್ತು ಡಬ್ಬದಲ್ಲಿ ನ ಇರಲಿಲ್ಲ. ಅದು ಮಗಳ ಒತ್ತೆಯಾಗಿ ಗಂಡನ ಅಂಗಿಯ ಜೇಬಿನಲ್ಲಿತ್ತು. ಅವನು ಮುಂದಿನ ಹೂವಿನ ಜಾಗ ನೋಡಲು ಎಳ್ಳಿನ ಹೊಲಗಳ ಕಡೆ ಲಾರಿ ತೆಗೆದುಕೊಂಡು ಹೋದವನು ಹೊತ್ತು ಮುಳುಗುವವರೆಗೆ ಬರುವುದಿಲ್ಲ.

ಮಗಳಿಗೆ ಒಂಬತ್ತು ವರ್ಷ. ಸಪೂರ ಮೈ. ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದರು. ಹಿಂದಿನ ಸಂಜೆ ಅಪ್ಪ ಮಗಳು 'ಸೊನ್ನೆ ಕಳ್ಳ' ಆಡಿದ್ದರು. ಒಬ್ಬರು ಒಂದು ಮಾತು ಹೇಳಬೇಕು. ಐದು ಎಣಿಸುವುದರೊಳಗೆ ಇನ್ನೊಬ್ಬರು ಅದರ ಸೊನ್ನೆ ಕದ್ದು ಉಳಿದದ್ದನ್ನು ಹೇಳಬೇಕು. ಮಂಗ ಅಂದರೆ ಮಗ. ತಂಡ ಅಂದರೆ ತಡ. ಸಂಜೆ ಅಂದರೆ ಸಜೆ. ಇಬ್ಬರೂ ಸರಿಸಮ ಬರುತ್ತಿದ್ದಾಗ ಅಪ್ಪ ಮುಖ ಗಂಭೀರ ಮಾಡಿಕೊಂಡು "ಕುಂಡಿ" ಎಂದ. ಕಡ್ಡಿ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಉರುಳಿದಳು. ಐದಲ್ಲ, ಐವತ್ತು ಎಣಿಸಿದರೂ "ಕುಡಿ" ಎನ್ನಲು ಅವಳಿಗೆ ಉಸಿರಿರಲಿಲ್ಲ. ಸೋತಳು.

ಸೋತವರು ಮರುದಿನ ಒಂದು ಅಕ್ಷರದ ಉಪವಾಸ ಮಾಡಬೇಕು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಬಾಯಲ್ಲೂ ಇಲ್ಲ, ಬರಹದಲ್ಲೂ ಇಲ್ಲ. ಯಾವ ಅಕ್ಷರ ಎಂದು ಗೆದ್ದವರು ಹೇಳುತ್ತಾರೆ, ಅದನ್ನು ಡಬ್ಬದಿಂದ ಎತ್ತಿ ಇಟ್ಟುಕೊಳ್ಳುತ್ತಾರೆ. "ಉಪವಾಸ ಇದೀನಿ" ಎಂದು ಊರಿಗೆಲ್ಲ ಹೇಳಿಕೊಳ್ಳುವಂತೆಯೂ ಇಲ್ಲ. ಹಾಗೆ ಮಾಡಿದರೆ ಅದು ಉಪವಾಸವಲ್ಲ, ಉಪದೇಶ ಎನ್ನುತ್ತಿದ್ದ ಗಂಡ. ಮುರಿದರೆ ಮರುದಿನದಿಂದ ಎರಡು ದಿನ. ತೀರಾ ಕಷ್ಟವಾದರೆ ಮನೆಯ ಇನ್ನೊಬ್ಬರು ಆ ಗಳಿಗೆಯಿಂದಲೇ ಹೊತ್ತುಕೊಳ್ಳಬಹುದು. ಆದರೆ ಇಷ್ಟು ವರ್ಷದಲ್ಲಿ ಯಾರೂ ಯಾರದ್ದನ್ನೂ ಹೊತ್ತುಕೊಂಡಿರಲಿಲ್ಲ.

ಈ ಆಟಗಳು ಸುಮ್ಮನೆ ಹುಟ್ಟಿದವಲ್ಲ. ವರ್ಷಕ್ಕೆ ಐದು ಹೂವು, ಐದು ಜಾಗ. ಯಾವ ಶಾಲೆಯೂ ಹೀಗೆ ಬಂದು ಹೋಗುವ ಮಗುವನ್ನು ಇಟ್ಟುಕೊಳ್ಳುವುದಿಲ್ಲ. ಆರನೇ ವರ್ಷದಲ್ಲಿ ಕಡ್ಡಿಯನ್ನು ಹಾಸ್ಟೆಲ್ಲಿಗೆ ಬಿಟ್ಟಿದ್ದರು. ಮೂರು ತಿಂಗಳ ಮೇಲೆ ನೋಡಲು ಹೋದರೆ, ಬಾಯಿ ಮುಚ್ಚದ ಮಗು ಎರಡೇ ಮಾತು ಇಟ್ಟುಕೊಂಡಿತ್ತು. 'ಹೂಂ', 'ಗೊತ್ತಿಲ್ಲ'. ತಾಯಿ ಆವತ್ತೇ ಪೆಟ್ಟಿಗೆ ಕಟ್ಟಿಸಿ ಕರೆತಂದಳು. ಹೋದ ಮಾತನ್ನು ಒಂದೊಂದಾಗಿ ಆಟದಲ್ಲೇ ಎಳೆದು ತರಲು ಅವಳಿಗೆ ಒಂದು ವರ್ಷ ಹಿಡಿಯಿತು.

*

ಹನ್ನೊಂದು ಗಂಟೆಯ ಹೊತ್ತಿಗೆ ನಾಯಿ ಬೊಗಳಿತು. ಕಾಲುದಾರಿಯಲ್ಲಿ ಕೊಡೆ ಹಿಡಿದ ಒಬ್ಬರು ಬರುತ್ತಿದ್ದರು. ವಯಸ್ಸಾದವರು, ಕಂಕುಳಲ್ಲಿ ಕಡತ, ಬೂಟಿನ ಮೇಲೆ ಬಸ್ ನಿಲ್ದಾಣದಿಂದ ಇಲ್ಲಿಯವರೆಗಿನ ಧೂಳು. ಪೆಟ್ಟಿಗೆಗಳ ಸಾಲಿನಿಂದ ಮಾರು ದೂರ ಸುತ್ತು ಹಾಕಿ, ಭುಜ ಮುದುಡಿಕೊಂಡು ಬಂದರು.

"ಶಿಕ್ಷಣ ಕಚೇರಿಯಿಂದ. ನಿಮ್ಮ ಮನೆಪಾಠದ ಅರ್ಜಿ ತಪಾಸಣೆ" ಎಂದರು.

ತಾಯಿ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. "ಮುಂದಿನ ತಿಂಗಳು ಬರ್ತೀವಿ ಅಂದಿದ್ರಲ್ಲ ಸರ್?"

"ಅರ್ಜಿ ಓದಿದ ಮೇಲೆ ಬೇಗ ಹೋಗಿ ಬನ್ನಿ ಅಂದ್ರು." ಅವರು ಅವಳ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. "ಮಗು ಎಲ್ಲಿ?"

"ಸರ್, ಇವತ್ತು ಬೇಡ. ಇವತ್ತು ಅವಳು…" ಎಂದು ಶುರು ಮಾಡಿದಳು.

ಅಧಿಕಾರಿ ಕೈಯೆತ್ತಿ ತಡೆದರು. "ನೋಡಿ ಅಮ್ಮ, ಮಗುವಿನ ಬಗ್ಗೆ ನೀವು ಮೊದಲೇ ನನಗೆ ಏನೂ ಹೇಳಬಾರದು. ನಾನು ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡಬೇಕು, ನಿಯಮ. ಅಷ್ಟರಲ್ಲಿ ಆಚೆಯಿಂದ ನಿಮ್ಮದೊಂದು ಮಾತು ಬಂದ್ರೂ ತಪಾಸಣೆ ರದ್ದು. ರದ್ದಾದ್ರೆ ಇನ್ನಾರು ತಿಂಗಳು. ಅಲ್ಲೀವರೆಗೆ ಮಗು ಹಾಸ್ಟೆಲ್ಲಿನಲ್ಲಿರಬೇಕು. ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ."

ಅವಳು ಈಚೆ ಬಂದು ಪೀಪಾಯಿಯ ಹಿಡಿ ಹಿಡಿದಳು. ಜೋರಾಗಿ ತಿರುಗಿಸಿದರೆ ಆಚೆಯ ಮಾತು ಕೇಳುವುದಿಲ್ಲ. ನಿಲ್ಲಿಸಿದರೆ ಕದ್ದು ಕೇಳುತ್ತಿದ್ದಾಳೆ ಎಂದಾಗುತ್ತದೆ. ಮೆಲ್ಲಗೆ, ಕೊಟ್ಟಿಗೆಯ ಮುದಿಹಸು ಮೆಲುಕು ಹಾಕುವ ಹಾಗೆ ತಿರುಗಿಸುತ್ತ ಕಿವಿಯನ್ನು ಹಲಗೆಗೆ ಕೊಟ್ಟಳು.

"ನಿನ್ನ ಹೆಸರೇನು ಮಗು?"

"ಕಡ್ಡಿ."

"ಅದು ಕರೆಯೋ ಹೆಸರು. ಇಲ್ಲಿ ಪಟ್ಟಿಯಲ್ಲಿದೆಯಲ್ಲ, ಆ ಹೆಸರು?"

ಆ ಹೆಸರಿನಲ್ಲಿ ಎರಡು ನ ಇದ್ದವು.

"ಅದು ಇವತ್ತು ಹೇಳೋ ಹಾಗಿಲ್ಲ ಸರ್."

"ಹೇಳೋ ಹಾಗಿಲ್ವಾ? ಯಾರು ಹೇಳಬೇಡ ಅಂದೋರು?"

"ಅಪ್ಪ."

ಹಿಡಿ ತಾಯಿಯ ಕೈಯಲ್ಲಿ ನಿಂತೇಹೋಯಿತು. ಕಾಗದದ ಮೇಲೆ ಪೆನ್ನು ಓಡುವ ಸದ್ದು. "ಕೆಲಸ ನಡೀಲಿ ಅಮ್ಮ" ಎಂದು ಆಚೆಯಿಂದ ಅಧಿಕಾರಿಯ ಧ್ವನಿ ಬಂತು. ಅವಳು ತಿರುಗಿಸಿದಳು.

"ಅಪ್ಪ ಈಗ ಎಲ್ಲಿ?"

"ಎಳ್ಳಿಗೆ ಹೋಗಿದಾರೆ."

"ಎಳ್ಳಿಗಾ!"

"ಎಳ್ಳು ಹೂ ಬಿಟ್ಟಿದೆಯಾ ಅಂತ ಕಣ್ಣು ಹಾಯಿಸಿ ಬರೋಕೆ."

"ಸರಿ. ಅಪ್ಪ ಏನು ಕೆಲಸ ಮಾಡ್ತಾರೆ?"

"ಹುಳ ಸಾಕ್ತಾರೆ."

"ಯಾವ ಹುಳ?"

"ಹೂವಿಂದ ಹೂವಿಗೆ ಹಾರೋದು. ಸೂಜಿ ಇರೋದು. ಮೇಣದ ಮಹಡಿ ಕಟ್ಟೋದು."

"ಅದಕ್ಕೊಂದು ಹೆಸರಿದೆಯಲ್ಲಮ್ಮ?"

"ಇದೆ ಸರ್. ಹೊತ್ತು ಮುಳುಗಲಿ, ಹೇಳ್ತೀವಿ."

"ಹೇಳ್ತೀವಿ ಅಂದ್ರೆ? ಯಾರ್ಯಾರು?"

"ಒಬ್ಬಳೇ."

ಬೇರೆ ದಿನವಾಗಿದ್ದರೆ ತಾಯಿಗೆ ನಗು ಬರುತ್ತಿತ್ತು. 'ಹೇಳ್ತೀನಿ' ಎನ್ನಲಾಗದೆ ಮಗಳು ರಾಜಮನೆತನದವಳ ಹಾಗೆ ಬಹುವಚನಕ್ಕೆ ಏರಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ ಇರಬೇಕು. ಇಲ್ಲಿ ಬೆಕ್ಕೂ ಮನೆಯದೇ, ಇಲಿಯೂ ಮನೆಯದೇ.

"ಕೈ ಊದಿದೆಯಲ್ಲ, ಏನಾಯ್ತು? ಪೆಟ್ಟಿಗೆ ಹತ್ತಿರ ಕೆಲಸ ಮಾಡಿಸ್ತಾರಾ?"

"ಮಾಡಿಸಲ್ಲ ಸರ್. ಕದ್ದು ಹೋಗಿದ್ದಕ್ಕೆ ಕಚ್ಚಿತು."

"ಎರಡೂ ಎರಡೂ ಎಷ್ಟು?"

"ಎಂಟರಲ್ಲಿ ಅರ್ಧ."

"ಎಂಟರಲ್ಲಿ ಅರ್ಧ ಎಷ್ಟು?"

"ಎರಡೂ ಎರಡೂ."

ಅಧಿಕಾರಿ ಕೆಮ್ಮಿದರು. ಕುರ್ಚಿ ಕಿರುಗುಟ್ಟಿತು. "ಆಚೆ ಕಡೆ ಕೆಲಸ ಮಾಡ್ತಿರೋರು ಯಾರು?"

"ಅಮ್ಮ."

"ಯಾರ ಅಮ್ಮ?"

ತಾಯಿ ಹಲಗೆಗೆ ಇನ್ನೂ ಒತ್ತಿಕೊಂಡಳು. ಇದಕ್ಕೆ ಉತ್ತರ ಒಂದೇ. ಅದರಲ್ಲಿ ಇರುವುದೆಲ್ಲ ನ. ಮುರಿದುಬಿಡೇ ಕಡ್ಡಿ, ಮುರಿದುಬಿಡು ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

"ಈ ಕಡ್ಡಿಯ ಅಮ್ಮ" ಎಂದಳು ಮಗಳು.

ಮತ್ತೆ ಪೆನ್ನಿನ ಸದ್ದು. ಈ ಸಲ ಅದು ಬೇಗ ನಿಲ್ಲಲಿಲ್ಲ.

ಅಷ್ಟರಲ್ಲಿ ಆಚೆ ಕುರ್ಚಿ ದಡಕ್ಕನೆ ಹಿಂದೆ ಸರಿಯಿತು. "ಅಯ್ಯೋ, ಅಯ್ಯಯ್ಯೋ, ಕುತ್ತಿಗೆ ಮೇಲೆ!"

"ಅಲುಗಬೇಡಿ ಸರ್" ಎಂದಳು ಕಡ್ಡಿ, ತನಗಿಂತ ಚಿಕ್ಕವರಿಗೆ ಹೇಳುವ ಹಾಗೆ. "ಉಸಿರು ಮೆಲ್ಲಗೆ ಬಿಡಿ. ಅದು ದಾರಿ ತಪ್ಪಿ ಬಂದಿದೆ, ಅಷ್ಟೇ. ಹಾಂ. ಬಂತು. ಬೆರಳಿಗೆ ಬಂತು." ಬರಿಗಾಲಿನ ಸದ್ದು ಬಾಗಿಲವರೆಗೆ ಹೋಗಿ ಹಿಂದೆ ಬಂತು.

"ನಿಂಗೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೂ ಆಗುತ್ತೆ."

ಅಧಿಕಾರಿಯ ಧ್ವನಿ ಒಂದು ಮೆಟ್ಟಿಲು ಇಳಿದಿತ್ತು. "ಇರಲಿ. ಈ ಪುಟ ಗಟ್ಟಿಯಾಗಿ ಓದು ನೋಡೋಣ. ನಿಧಾನವಾಗಿ."

ಮೇಜಿನ ಮೇಲೆ ಪುಸ್ತಕ ತೆರೆದ ಸದ್ದು. ಓದುವುದರಲ್ಲಿ ಕಡ್ಡಿ ಯಾರಿಗೂ ಕಡಿಮೆಯಿರಲಿಲ್ಲ. ಹಳೆಯ ಪತ್ರಿಕೆ ಸುತ್ತಿದ ಸಾಮಾನು ಬಂದರೆ ಸಾಮಾನು ಬಿಟ್ಟು ಕಾಗದ ಬಿಡಿಸುವವಳು. ತಾಯಿ ಹಿಡಿಯನ್ನು ಇನ್ನೂ ನಿಧಾನ ಮಾಡಿದಳು.

"ಬೆಳಗಾಗೆದ್ದು ಕಾಡಿಂದ ಒಂದು ಉದ್ದ ಬಾಲದ ಠಕ್ಕ ಹೊರಗೆ ಬಂತು" ಎಂದು ಮಗಳ ಧ್ವನಿ ಸ್ಪಷ್ಟವಾಗಿ ಕೇಳಿತು. "ಗಂಟಲೆಲ್ಲ ಒಣಗಿ ಹೋಗಿತ್ತು. ಹೊಳೇಲಿ ಒಂದು ತೊಟ್ಟೂ ಇರಲಿಲ್ಲ."

"ಸಾಕು."

ಅಧಿಕಾರಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡ ಸದ್ದು.

"ಇಲ್ಲಿರೋದು ಏನು ಗೊತ್ತಾ? 'ಮುಂಜಾನೆ ಕಾಡಿನ ಅಂಚಿನಲ್ಲಿ ಒಂದು ನರಿ ನಡೆದು ಬಂದಿತು. ಅದಕ್ಕೆ ನೀರಡಿಕೆಯಾಗಿತ್ತು. ನದಿಯಲ್ಲಿ ನೀರಿರಲಿಲ್ಲ.' ಪಕ್ಕದಲ್ಲಿ ಚಿತ್ರ ಇದೆ. ನೀನು ಚಿತ್ರ ನೋಡ್ಕೊಂಡು ಕಥೆ ಕಟ್ತಿದೀಯ."

"ಇಲ್ಲ ಸರ್. ಎಲ್ಲಿ ತಪ್ಪಿದೆ? ಅರ್ಥ ಒಂದೇ ಅಲ್ವಾ?"

"ಅರ್ಥ ಒಂದೇ. ಮಾತು ಬೇರೆ. ಓದೋದು ಅಂದ್ರೆ ಬರೆದದ್ದನ್ನ ಓದೋದು ಮಗು." ಹಳೇ ಮೇಷ್ಟ್ರುಗಳ ಅಭ್ಯಾಸದಂತೆ ಅವರು ಬರೆಯುತ್ತ ಬರೆಯುತ್ತ ಉಚ್ಚರಿಸಿದರು: "ಓದಲು… ಬರುವುದಿಲ್ಲ. ಸ್ವಂತ… ಹೆಸರು… ಹೇಳಲು… ನಿರಾಕರಿಸುತ್ತಾಳೆ."

ತಾಯಿಯ ಕಣ್ಣಿಗೆ ಹಾಸ್ಟೆಲ್ಲಿನ ಕಬ್ಬಿಣದ ಗೇಟು, ಅದರ ಹಿಂದೆ ನಿಂತು 'ಹೂಂ' ಎಂದ ಮಗು ಕಟ್ಟಿತು. ಇದು ನ ಇಲ್ಲದ ಆಟ ಎಂದು ಕೂಗಿಬಿಡಲೇ? ಕೂಗಿದರೆ ರದ್ದು. ತುಟಿ ಕಚ್ಚಿಕೊಂಡಳು. ಪೀಪಾಯಿಯೊಳಗಿನ ಎರಿ ಯಾವಾಗಲೋ ಬರಿದಾಗಿ, ಸುಮ್ಮನೆ ತಿರುಗುತ್ತಿತ್ತು.

"ಅಮ್ಮ, ಇಲ್ಲಿ ಬನ್ನಿ" ಎಂದು ಕರೆ ಬಂತು.

*

ಕಡ್ಡಿ ಮೇಜಿನ ಪಕ್ಕ ನೆಟ್ಟಗೆ ನಿಂತಿದ್ದಳು. ಕಣ್ಣಂಚು ಒದ್ದೆ, ಗದ್ದ ಮಾತ್ರ ಮೇಲೆ. ಅಧಿಕಾರಿ ಕಡತದಿಂದ ಒಂದು ಕಾಗದ ತೆಗೆದು ತಾಯಿಯ ಮುಂದಿಟ್ಟರು.

"ಈ ಅರ್ಜಿ ಬರೆದದ್ದು ನೀವೇನಾ?"

"ಹೌದು ಸರ್."

"ಓದ್ತೀನಿ ಕೇಳಿ. 'ಹುಡುಗಿಗೆ ಒಂಬತ್ತು ವರ್ಷ. ಹೂವು ಇದ್ದಲ್ಲಿಗೆ ಹೋಗುವ ಕೆಲಸ ನಾವು ಹಿಡಿದದ್ದು. ಆದ್ದರಿಂದ ನಾವು ವಾಸಿಸುವ ಜಾಗದಲ್ಲಿಯೇ ಅವಳಿಗೆ ಪಾಠ ಹೇಳಿಕೊಡಲು ಒಪ್ಪಿಗೆ ಬೇಕು. ಇಂತಿ, ಪೋಷಕಿ.'" ಕನ್ನಡಕದ ಮೇಲಿನಿಂದ ನೋಡಿದರು. "ಎರಡು ಪುಟ ಇದೆ. ಎಲ್ಲೂ 'ಮಗಳು' ಅಂತಿಲ್ಲ. ಹುಡುಗಿ, ಹುಡುಗಿ. ಎಲ್ಲೂ 'ಮನೆ' ಅಂತಿಲ್ಲ. ವಾಸಿಸುವ ಜಾಗ. ಅಮ್ಮ ಅಂತಿಲ್ಲ, ಪೋಷಕಿ. ಪೋಷಕಿ ಅಂದ್ರೆ ಯಾರು ಬೇಕಾದ್ರೂ ಆಗಬಹುದು. ಯಾರದೋ ಮಗು ತಂದು ಕೆಲಸಕ್ಕಿಟ್ಕೊಂಡಿದಾರಾ, ಹೋಗಿ ನೋಡಿ ಅಂತ ನನ್ನನ್ನ ಕಳಿಸಿದ್ದು. ಬಂದು ನೋಡಿದ್ರೆ ಹುಡುಗಿ ಹೆಸರೇ ಹೇಳಲ್ಲ. ಅಪ್ಪ ಹೇಳಬೇಡ ಅಂದಿದಾರಂತೆ."

ತಾಯಿ ಕಾಗದವನ್ನೇ ನೋಡುತ್ತ ನಿಂತಳು. ಅದು ಅವಳದೇ ದುಂಡನೆಯ ಅಕ್ಷರ. ಅದನ್ನು ಬರೆದ ದಿನ ಅವಳಿಗೆ ಮ ಅಕ್ಷರದ ಉಪವಾಸವಿತ್ತು. ಅರ್ಜಿಗೆ ಅದೇ ಕೊನೆಯ ದಿನ. 'ಮಾನ್ಯರೇ' ಬಿಟ್ಟು 'ದೊಡ್ಡವರಿಗೆ' ಎಂದು ಶುರು ಮಾಡಿ, ಎರಡು ಪುಟ ಒಂದೂ ಮ ಇಲ್ಲದೆ ಬರೆದು ಮುಗಿಸಿದಾಗ ಅವಳಿಗೆ ಎಂಥ ಹೆಮ್ಮೆಯಾಗಿತ್ತು! ಗಂಡ ಬೆರಳಿಟ್ಟು ಹುಡುಕಿ, ಸೋತು, "ಕಚೇರಿಯೋರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತಾರೆ ಕಣೇ" ಅಂದಿದ್ದ. ತಾನು ತೋಡಿದ ಗುಂಡಿ ಇದು. ಮಗಳಿಗಿಂತ ಮೊದಲು ತಾನೇ ಬಿದ್ದಿದ್ದಳು.

ಅವಳು ಹೇಳಿದಳು. ಹಾಸ್ಟೆಲ್ಲಿನ ಮೂರು ತಿಂಗಳಿಂದ ಹಿಡಿದು ನಿನ್ನೆಯ ಸಂಜೆಯವರೆಗೆ, ಎಡವುತ್ತ, ಎಲ್ಲವನ್ನೂ. ಅಧಿಕಾರಿ ಡಬ್ಬದ ಮುಚ್ಚಳ ತೆಗೆದು ಮೇಣದ ಅಕ್ಷರಗಳನ್ನು ಬೆರಳಲ್ಲಿ ಕದಡಿ ನೋಡಿದರು. ನ ಹುಡುಕಿದರು. ಇರಲಿಲ್ಲ.

"ನಂಬೋಕೆ ಕಷ್ಟ" ಎಂದರು ಕೊನೆಗೆ. "ಆದ್ರೆ ಒಂದು ಕೆಲಸ ಮಾಡಿ. ಅವಳು ಒಂದು ಸಲ ಹೆಸರು ಹೇಳಲಿ. ಆ ಪುಟ ಇದ್ದ ಹಾಗೆ ಓದಲಿ. ನಾನು ಬರೆದದ್ದು ಹೊಡೆದು ಹಾಕ್ತೀನಿ."

"ಹೇಳೇ ಕಡ್ಡಿ" ಎಂದಳು ತಾಯಿ.

"ಹೊತ್ತು ಮುಳುಗಿಲ್ಲ."

"ಅಷ್ಟೊತ್ತಿಗೆ ಇವರ ಬಸ್ಸು ಹೋಗಿರುತ್ತೆ. ಹೇಳ್ಬಿಡೇ. ಇದು ಆಟ ಕಣೇ!"

"ಆಟ ಅಲ್ಲ. ಸಾಲ."

"ಅಪ್ಪಂಗೆ ನಾನು ಹೇಳ್ತೀನಿ, ಅವರು ಏನೂ ಅನ್ನಲ್ಲ."

ಕಡ್ಡಿ ತಲೆಯಾಡಿಸಿದಳು. "ಅವತ್ತು ಸಂತೇಲಿ ಅಪ್ಪ ಬಿಡು ಅಂತ ಕೇಳಿದ್ರು. ಬಿಡಲಿಲ್ಲ ಅಲ್ವಾ? ಈಗ ಯಾವ ಮುಖ ಇಟ್ಕೊಂಡು ತಪ್ಪಿಸ್ಕೊಳ್ಳೋದು?"

ಹೋದ ತಿಂಗಳ ಸಂತೆ ಅದು. ಗಂಡ ಜ ಅಕ್ಷರ ಸೋತು, 'ಜೇನು' ಎನ್ನಲಾರದೆ ಇಡೀ ದಿನ "ಹೂವಿನ ಪಾಕ, ಹೂವಿನ ಪಾಕ" ಎಂದು ಕೂಗಿದ್ದ. ಪಾಕ ಅಂದ ಮೇಲೆ ಸಕ್ಕರೆ ಕಾಸಿದ್ದು ಎಂದು ಜನ ಮೂಸಿಯೂ ನೋಡಲಿಲ್ಲ. ಮಧ್ಯಾಹ್ನ ಅವನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು "ಬಿಟ್ಟುಬಿಡೇ ತಾಯಿ" ಎಂದ. ಮಗಳು ಬಿಡಲಿಲ್ಲ. ಡಬ್ಬಗಳೆಲ್ಲ ತುಂಬಿದ ಹಾಗೇ ವಾಪಸು ಬಂದವು. ಅವನು ಬಯ್ಯಲಿಲ್ಲ, "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಂದು ಎರಡೂ ಉಳೀತು" ಎಂದು ಲಾರಿ ಹತ್ತಿದ. ಅದನ್ನು ಕಂಡ ಮಗು ಇದು.

ಅಧಿಕಾರಿ ಗಡಿಯಾರ ನೋಡಿ ಕಡತದ ದಾರ ಕಟ್ಟತೊಡಗಿದರು. ಒಂದು ಸುತ್ತು. ಎರಡು ಸುತ್ತು.

"ತಡೀರಿ ಸರ್." ತಾಯಿ ಸೆರಗಿಗೆ ಅಂಟುಕೈ ಒರೆಸಿಕೊಂಡು ಮಗಳ ಹೆಗಲ ಮೇಲಿಟ್ಟಳು. "ಕಡ್ಡಿ. ನಿನ್ನ ಸಾಲ ನನ್ನದು."

ಕಡ್ಡಿ ಕತ್ತೆತ್ತಿದಳು. "ಈಗಿಂದಾ?"

"ಈಗಿಂದ."

ಒಡ್ಡು ಒಡೆದ ಹಾಗಾಯಿತು. "ನಾನು! ನಾನು! ನನ್ನ ಅಮ್ಮ! ಜೇನುನೊಣ ಸರ್, ಅಪ್ಪ ಸಾಕೋದು ಜೇನುನೊಣ, ಎರಡೂ ಎರಡೂ ನಾಲ್ಕು!" ಆಮೇಲೆ ತನ್ನ ಹೆಸರನ್ನು, ಅದರ ಎರಡೂ ನ ನಾಲಿಗೆಗೆ ತಾಗುವ ಹಾಗೆ ಒತ್ತಿ ಹೇಳಿದಳು. ಪುಸ್ತಕ ಕಿತ್ತುಕೊಂಡು ನರಿ, ನದಿ, ನೀರು ಒಂದೂ ಬಿಡದೆ ಓದಿ, ಪುಟ ತಿರುವಿ ಚಿತ್ರವಿಲ್ಲದ ಕಡೆಯೂ ಓದುತ್ತ ಹೋದಳು. ಅಧಿಕಾರಿ ಸಾಲಿನ ಕೆಳಗೆ ಬೆರಳಿಟ್ಟು ಹಿಂಬಾಲಿಸಿದರು. ಮೂರನೆಯ ಪುಟದಲ್ಲಿ ಬೆರಳು ತೆಗೆದರು. ದಾರ ಬಿಚ್ಚಿ, ತಾವು ಬರೆದ ಸಾಲಿನ ಮೇಲೆ ಅಡ್ಡಗೆರೆ ಎಳೆದರು.

"ಇದು ಸರಿಹೋಯ್ತು. ಈ ಅರ್ಜಿ ಮಾತ್ರ ಬೇರೆ ಬೇಕು. ಇಲ್ಲೇ ಬರ್ಕೊಡಿ."

"ಆಗಲಿ ಸರ್." ತಾಯಿ ಮೇಜಿಗೆ ಕೂತಳು. ಪೆನ್ನು ಹಿಡಿದ ಮೇಲೆ ತನ್ನ ಬಾಯಿಗೂ ಕೈಗೂ ಈಗ ಬೀಗ ಬಿದ್ದಿರುವುದು ನೆನಪಾಯಿತು. ಯೋಚಿಸಿ, 'ಮಗಳಿಗೆ ಒಂಬತ್ತು ವರ್ಷ' ಎಂದು ಬರೆದಳು.

"ಯಾರ ಮಗಳಿಗೆ?" ಅಧಿಕಾರಿ ಮೇಲಿನಿಂದ ಬಗ್ಗಿ ನೋಡಿದರು.

"ಕೆಳಗೆ ರುಜು ಇರುತ್ತಲ್ಲ ಸರ್."

"ರುಜು ಯಾರು ಬೇಕಾದ್ರೂ ಹಾಕ್ತಾರೆ."

"ಅಮ್ಮ, 'ಹೆತ್ತ ಮಗಳು' ಅಂತ ಬರಿ!" ಕಡ್ಡಿ ಮೇಜಿನ ಅಂಚು ಹಿಡಿದು ಕುಣಿದಳು. ಅವಳಿಗೆ ಅಮ್ಮನನ್ನು ಉಳಿಸಬೇಕಿತ್ತು. "ಜಾಗಕ್ಕೆ 'ಬಿಡಾರ' ಅಂತ ಬರಿ. 'ಗೂಡು' ಅಂತ ಬರಿ!"

"ಪುಟ್ಟ, ಗೂಡಲ್ಲಿ ಪಾಠ ಹೇಳ್ಕೊಡೋಕೆ ಕಚೇರಿ ಒಪ್ಪಿಗೆ ಕೊಡಲ್ಲ" ಎಂದರು ಅಧಿಕಾರಿ. ಗದರಿಕೆಯಲ್ಲ, ದಣಿವು. "ಅಮ್ಮ, ಅಲ್ಲಿ ಕೂತೋರು ನಾನಲ್ಲ. ಅವರಿಗೆ ನಿಮ್ಮ ಆಟ ಗೊತ್ತಿಲ್ಲ. ಇದರ ಹೆಸರೇ ಮನೆಪಾಠ. ನನ್ನ ಮಗಳು, ನಮ್ಮ ಮನೆ. ಈ ನಾಲ್ಕು ಮಾತು ಇಲ್ಲದ ಕಾಗದ ನಾನು ಒಯ್ಯಲ್ಲ. ಒಯ್ದರೂ ಹಿಂದೆ ಬರುತ್ತೆ. ನನಗೆ ಬಸ್ಸಿಗೆ ಹೊತ್ತಾಯ್ತು."

ಪೆನ್ನಿನ ಮೊನೆ ಕಾಗದದ ಮೇಲೆ ನಿಂತಿತು. ಹಲಗೆಯ ಆಚೆಯಿಂದ ಕೇಳಿದ 'ಈ ಕಡ್ಡಿಯ ಅಮ್ಮ' ಅವಳ ಕಿವಿಯಲ್ಲಿ ಇನ್ನೂ ಇತ್ತು. ಮಗು ಎದೆ ಒಡೆದರೂ ಮುರಿಯದ್ದನ್ನು ತಾನು ಅದರ ಕಣ್ಣೆದುರೇ ಮುರಿಯಬೇಕು. ಮುರಿದರೆ ನಾಳೆಯಿಂದ ಈ ಮನೆಯಲ್ಲಿ ಮಾತಿಗೆ ಏನು ಬೆಲೆ? ಮುರಿಯದಿದ್ದರೆ ಮಾತೇ ಇಲ್ಲದ ಮಗು.

ಮಗಳ ಮುಖ ನೋಡದೆ ಬರೆದಳು. ನನ್ನ ಮಗಳಿಗೆ ಒಂಬತ್ತು ವರ್ಷ. ನಮ್ಮ ಮನೆಯಲ್ಲಿಯೇ. ಕೆಳಗೆ, ಇಂತಿ ಅವಳ ಅಮ್ಮ. ನ ಬಂದಲ್ಲೆಲ್ಲ ಶಾಯಿ ಸ್ವಲ್ಪ ದಪ್ಪಗೆ ಇಳಿದಿತ್ತು.

ಅಧಿಕಾರಿ ಓದಿ, ಮೊಹರು ಒತ್ತಿ, ಒಂದು ವರ್ಷದ ಒಪ್ಪಿಗೆಯ ಚೀಟಿ ಹರಿದು ಕೊಟ್ಟರು. ಕೊಡೆ ಬಿಚ್ಚಿ ಹೊಸಿಲು ದಾಟಿದವರು ತಿರುಗಿ ನಿಂತರು. "ನಾನೂ ಇಷ್ಟು ಹೊತ್ತು ನನ್ನ ಹೆಸರಲ್ಲಿ ಎಷ್ಟು ನ ಇದೆ ಅಂತ ಎಣಿಸ್ತಿದ್ದೆ" ಎಂದರು. ಎಷ್ಟು ಎಂದು ಹೇಳದೆ ಪೆಟ್ಟಿಗೆಗಳಿಂದ ಮಾರು ದೂರ ಸುತ್ತು ಹಾಕಿಕೊಂಡು ಹೋದರು.

ಅವರ ಕೊಡೆ ಹೂವಿನ ಸಾಲಿನಲ್ಲಿ ಮರೆಯಾಗುವವರೆಗೆ ಇಬ್ಬರೂ ನೋಡುತ್ತ ನಿಂತರು.

"ಅಮ್ಮ, ನೀನು ಸೋತೆ" ಎಂದಳು ಕಡ್ಡಿ, ಮೆಲ್ಲಗೆ.

"ಸೋತೆ ಕಣೇ."

"ಒತ್ತೂ ಸೇರಿ ಐದು ನ ಬರೆದೆ. ಎಣಿಸಿದೆ."

"ಎಷ್ಟಾದ್ರೂ ಎರಡೇ ದಿನ" ಎಂದು ತಾಯಿ ಬಿಸಿನೀರಿಗೆ ಕತ್ತಿ ಅದ್ದಿದಳು.

ಹೊತ್ತು ಮುಳುಗುವಾಗ ಲಾರಿ ಬಂತು. ನಡೆದದ್ದನ್ನೆಲ್ಲ ಮಗಳ ಬಾಯಿಂದ ಕೇಳಿ ಗಂಡ ಲಾರಿಯ ಮೆಟ್ಟಿಲ ಮೇಲೆ ಹಾಗೇ ಕೂತ. ಜೇಬಿಗೆ ಕೈ ಹಾಕಿದ. ಇಂಜಿನ್ನಿನ ಕಾವಿಗೂ ಬಿಸಿಲಿಗೂ ಮೇಣ ಕರಗಿ ಬಟ್ಟೆಗೆ ಮೆತ್ತಿಕೊಂಡಿತ್ತು. ನ ಅಲ್ಲ, ಯಾವ ಅಕ್ಷರವೂ ಅಲ್ಲದ ಒಂದು ಹಳದಿ ಕಲೆ.

"ಒತ್ತೆಯೇ ಕರಗಿದ ಮೇಲೆ ಸಾಲ ಎಲ್ಲಿದೆ? ಮನ್ನಾ" ಎಂದ ಹೆಂಡತಿಯ ಕಡೆ ನೋಡುತ್ತ. "ನಾಳೆ ಡಬ್ಬ ಒಯ್ಯೋರು ಬರ್ತಾರೆ ಕಣೇ. ನನ್ನ ಥರ ಪಾಕ ಪಾಕ ಅಂತ ಕೂಗಬೇಡ."

ಕಡ್ಡಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಒತ್ತೆ ಕರಗಿಸಿದ್ದು ನೀವು. ಮುರಿದದ್ದು ನಾನು" ಎಂದಳು ತಾಯಿ. "ಮಗು ನೋಡ್ತಿದೆ ರೀ. ತೀರಿಸ್ತೀನಿ."

ಮರುದಿನ ಮಂಜು ಆರುವ ಮೊದಲೇ ವ್ಯಾಪಾರಿಯ ಗಾಡಿ ಬಂದು ನಿಂತಿತು. "ಎಷ್ಟು ಡಬ್ಬ ಆಯ್ತು ಅಮ್ಮ?" ಎಂದು ಅವನು ಕೂತಲ್ಲಿಂದಲೇ ಕೂಗಿದ.

ತಾಯಿ ಬಾಯಿ ತೆರೆದಳು, ಮುಚ್ಚಿದಳು, ಮಗಳ ಕಡೆ ಒಮ್ಮೆ ನೋಡಿದಳು.

"ಎಂಟರಲ್ಲಿ ಅರ್ಧ."

"ಏನು? ಜೇನೇ ತಾನೇ ಒಳಗಿರೋದು?"

"ಮುಚ್ಚಳ ತೆಗೆದು ಮೂಸಿ. ಮೂಗು ಹೇಳುತ್ತೆ."

ವ್ಯಾಪಾರಿ ತಲೆ ಕೆರೆದುಕೊಂಡು ಗಾಡಿಯಿಂದ ಇಳಿದ. ಕಡ್ಡಿ ನಗಲಿಲ್ಲ. ಓಡಿಹೋಗಿ ಒಂದು ಡಬ್ಬದ ಮುಚ್ಚಳ ತಾನೇ ತೆಗೆದು ಹಿಡಿದಳು. ಹೊತ್ತು ಆಗಷ್ಟೇ ಹುಟ್ಟಿತ್ತು. ಈ ದಿನದ ಮೇಲೆ ಮತ್ತೊಂದು ದಿನ ಬಾಕಿಯಿತ್ತು.